ತೊಟ್ಟಿಲ ಬಡಿಗ ಸಾಕಿದ ಜೇಡ

“ಅಜ್ಜಾರ, ಆಸರಕ್ಕ ಅಂತ ಬಂದವರನ್ನ ಹೆಂಗ ಇಟ್ಟುಕೋಬೇಕ್ರಿ?” ಎಂದು ಬಾಳವ್ವ ಮಠದ ಗುರುಗಳನ್ನು ಕೇಳಿದಳು.

ಅವಳ ತಂಗಿ ಕಾಶವ್ವ ಗಂಡ ತೀರಿಹೋದ ಮೇಲೆ ಅಕ್ಕನ ಮನೆಗೆ ಬಂದು ಮೂರು ತಿಂಗಳಾಗಿತ್ತು. ಬಂದವಳು ಒಳಕೋಣೆ ಸೇರಿದ್ದಳು. ಮಾತು ನಿಂತಿತ್ತು, ಊಟ ಅರ್ಧಕ್ಕೆ ಇಳಿದಿತ್ತು. ಬಾಳವ್ವ ಅವಳಿಗೆ ಮೆತ್ತನೆಯ ಹಾಸಿಗೆ ಕೊಟ್ಟಳು, ಹೊಸ ಸೀರೆ ತಂದಳು, ಗಳಿಗೆಗೊಮ್ಮೆ ಹೋಗಿ ವಿಚಾರಿಸಿದಳು. ವಿಚಾರಿಸಿದಷ್ಟೂ ತಂಗಿ ಗೋಡೆಯ ಕಡೆಗೆ ಸರಿಯುತ್ತಿದ್ದಳು. ಹೀಗೇ ಆದರೆ ತಂಗಿ ತನ್ನ ಕೈಗೆ ಉಳಿಯುವುದಿಲ್ಲ ಎಂಬ ಹೆದರಿಕೆ ಅಕ್ಕನಿಗೆ ಹತ್ತಿತ್ತು.

ಗುರುಗಳು ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೇನೋ ಎಂದು ಬಾಳವ್ವ ಅಂದುಕೊಳ್ಳುವಷ್ಟರಲ್ಲಿ ಕತೆ ಶುರುವಾಯಿತು.

ಒಬ್ಬ ಬಡಿಗನಿದ್ದ. ತೊಟ್ಟಿಲು ಮಾಡುವುದರಲ್ಲಿ ಎತ್ತಿದ ಕೈ. ಕೂಸಿನ ಮೈಗೆ ಒಂದು ಸಿಬಿರೂ ತಾಗದಂತೆ ಹಲಗೆಯನ್ನು ನುಣುಪು ಮಾಡಿ, ಮೇಲೆ ಅರಗಿನ ಬಣ್ಣ ಏರಿಸುತ್ತಿದ್ದ. ಅವನಿಗೊಂದು ಚಾಳಿ. ಎದುರಿಗೆ ಯಾವ ಮರ ಬಂದರೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುವುದು. ಗಟ್ಟಿ ಹಲಗೆ ಒಂದು ದನಿ ಕೊಡುತ್ತದೆ, ಹುಳು ತಿಂದ ಹಲಗೆ ಇನ್ನೊಂದು. ತಟ್ಟಿದರೆ ಉತ್ತರ ಕೊಡದ ವಸ್ತು ಲೋಕದಲ್ಲಿದೆ ಎಂದು ಆ ಪುಣ್ಯಾತ್ಮನಿಗೆ ಗೊತ್ತೇ ಇರಲಿಲ್ಲ.

ಒಂದು ದಿನ ಅವನು ಒಂದು ಮರದ ಬೊಡ್ಡೆಯನ್ನು ಬೇರುಸಮೇತ ಕೀಳಿಸಿ ತಂದ. ಬೇರಿನ ಮಣ್ಣು ಕೊಡವಿದಾಗ ಒಂದು ಜೇಡ ಹೊರಬಿತ್ತು. ಅಂಗೈ ಅಗಲ, ಮೈತುಂಬ ಕಂದು ಕೂದಲು. ಬೇರುಗಳ ನಡುವೆ ಬಿಲ ತೋಡಿಕೊಂಡು ಇದ್ದ ಜೀವ. ಆ ಬಿಲ ಈಗ ಅವನ ಅಂಗಳದಲ್ಲಿ ಪುಡಿಯಾಗಿ ಬಿದ್ದಿತ್ತು. ಊರ ಕೂಸುಗಳಿಗೆಲ್ಲ ಮಲಗುವ ಜಾಗ ಮಾಡಿಕೊಟ್ಟವನು ಒಂದು ಜೀವದ ಮನೆ ಕೆಡವಿದೆನಲ್ಲ ಎಂದು ಅದನ್ನು ಮೆಲ್ಲಗೆ ಒಂದು ಚಕ್ಕೆಯ ಮೇಲೆ ಎತ್ತಿಕೊಂಡ. ಇದನ್ನು ನಾನೇ ಸಾಕುತ್ತೇನೆ ಎಂದ. ಅದುವರೆಗೆ ಅವನು ಒಂದು ಕೋಳಿಯನ್ನೂ ಸಾಕಿದವನಲ್ಲ.

ಅವನಿಗೆ ಗೊತ್ತಿದ್ದದ್ದು ತೊಟ್ಟಿಲು. ಹಾಗಾಗಿ ತೊಟ್ಟಿಲಿನಂಥ ಪೆಟ್ಟಿಗೆಯನ್ನೇ ಮಾಡಿದ. ಮೊಳದೆತ್ತರದ ಗೋಡೆ, ಅದರ ಮೇಲೆ ಸಾಲಾಗಿ ಕೆತ್ತಿದ ಗಿಣಿಗಳು. ಒಳಗೆಲ್ಲ ಕೆಂಪು ಹಳದಿ ಅರಗು. ಜೇಡ ಗೋಡೆ ಹತ್ತಿತು, ಜಾರಿ ಬಿತ್ತು. ಮತ್ತೆ ಹತ್ತಿತು, ಮತ್ತೆ ಬಿತ್ತು.

ಕಾಡಿನ ಕಡೆಯಿಂದ ಅರಗು ತಂದುಕೊಡುವ ಮುದುಕಿಯೊಬ್ಬಳು ಇದನ್ನು ನೋಡಿ ನಕ್ಕಳು.

“ಜೋಗುಳ ಹಾಡೂದೊಂದು ಬಾಕಿ ಉಳದೈತಿ ನೋಡಪಾ. ಇದು ನೆಲದ ಜೀವ. ಎತ್ತರದಿಂದ ಬಿದ್ದರ ಹೊಟ್ಟಿ ಒಡದು ಸಾಯತೈತಿ. ಗೋಡಿ ಕೊಯ್ದು ಗಿಡ್ಡ ಮಾಡು. ಗೇಣುದ್ದ ಮಣ್ಣು ಹಾಕಿ ಒತ್ತು, ತಳದಾಗ ಒಂದೀಟು ಹಸಿ ಇರಲಿ. ಅಡಗಾಕ ಒಂದು ತೊಗಟಿ, ಕುಡಿಯಾಕ ಒಂದು ಚಿಪ್ಪು ನೀರು. ಮುಚ್ಚಳಕ್ಕ ಸಣ್ಣ ಸಣ್ಣ ತೂತು ಕೊರಿ.”

“ಇಷ್ಟ ಸಾಕೇನ ಆಯಿ?”

“ಸಾಕು. ಆಮ್ಯಾಲ ನೀ ಸುಮ್ಮನಿರಬೇಕು, ಅದ ಕಷ್ಟ. ಮೈಮ್ಯಾಗಿನ ತೊಗಲು ಬಿಡೂ ಕಾಲಕ್ಕ ಅದು ತಿನ್ನೂದು ನಿಲ್ಲಸತೈತಿ. ಅಂಗಾತ ಬೀಳತೈತಿ. ಸತ್ತೈತಿ ಅಂತ ತಿಳದು ಮುಟ್ಟೀ, ಜ್ವಾಕಿ. ಆವಾಗ ಅದರ ಮೈ ಬೆಣ್ಣಿ ಆಗಿರತೈತಿ.”

ಬಡಿಗ ತನ್ನ ಕೈಯಾರೆ ಮಾಡಿದ್ದನ್ನು ಎಂದೂ ಕೊಯ್ದವನಲ್ಲ. ಆ ದಿನ ಕೊಯ್ದ. ಗಿಣಿಗಳೆಲ್ಲ ಗರಗಸಕ್ಕೆ ಹೋದವು. ಮಣ್ಣು ತುಂಬಿದ, ತೊಗಟೆ ಇಟ್ಟ, ನೀರಿಟ್ಟ. ಜೇಡ ಒಂದು ಸುತ್ತು ನಡೆದು ನೋಡಿತು. ತೊಗಟೆಯ ಕೆಳಗೆ ಮಣ್ಣು ತೋಡುತ್ತ ತೋಡುತ್ತ ಒಳಗಿಳಿದು ಮರೆಯಾಯಿತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಬಡಿಗ ಬಿಡಬೇಕಲ್ಲ!

ಮನೆ ಕಟ್ಟಿಕೊಟ್ಟವನಿಗೆ ಜೇಡ ಮುಖ ತೋರಿಸದು. ಸುಖವಾಗಿದೆಯೋ ಇಲ್ಲವೋ ತಿಳಿಯದು. ಬೆಳಿಗ್ಗೆ ಎದ್ದವನೇ ಪೆಟ್ಟಿಗೆಯನ್ನು ತಟ್ಟಿ ಕಿವಿಯಿಟ್ಟ. ಸದ್ದಿಲ್ಲ. ಉಂಡ ಮೇಲೆ ತಟ್ಟಿದ. ಮಿಡತೆ ಹಾಕಿ ತಟ್ಟಿದ. ಜೇಡಕ್ಕೆ ಕಿವಿಯಿಲ್ಲ, ಅದು ಕಾಲಿನಿಂದಲೇ ಲೋಕವನ್ನು ಕೇಳುತ್ತದೆ ಎಂದು ಅವನಿಗೆ ಹೇಳುವವರು ಯಾರು? ಅವನು ತಟ್ಟಿದಾಗಲೆಲ್ಲ ಅದಕ್ಕೆ ಮತ್ತೊಮ್ಮೆ ಮನೆ ಕುಸಿದಂತಾಗುತ್ತಿತ್ತು. ಅದು ಬಿಲದ ಬಾಯಿಗೆ ಬಲೆ ನೇಯ್ದು ಮುಚ್ಚಿಕೊಂಡಿತು. ಮಿಡತೆಯನ್ನು ಮುಟ್ಟಲಿಲ್ಲ. ಬಡಿಗನಿಗೆ ದಿಗಿಲಾಯಿತು. ದಿಗಿಲಾದಷ್ಟೂ ತಟ್ಟಿದ.

ಒಂದು ಮಧ್ಯಾಹ್ನ ಮರದ ಹೊಟ್ಟಿನ ಮೇಲೆ ಅಡ್ಡಾದವನಿಗೆ ಜೊಂಪು ಹತ್ತಿತು. ಕನಸಿನಲ್ಲಿ ಅವನು ತಾನೇ ಮಾಡಿದ ತೊಟ್ಟಿಲಲ್ಲಿ ಮಲಗಿದ್ದ. ತೊಟ್ಟಿಲಿಗೆ ಹಗ್ಗವಿರಲಿಲ್ಲ, ಮೇಲೆ ಜಂತಿಯಿರಲಿಲ್ಲ. ಬಿಳಿ ಮಂಜಿನಲ್ಲಿ ಅದು ತಾನಾಗಿ ತೂಗುತ್ತಿತ್ತು. ಅವನ ಮೈಯಲ್ಲಿ ಎಲುಬಿರಲಿಲ್ಲ. ಹುಟ್ಟಿದವನೂ ಅಲ್ಲ, ಹುಟ್ಟದವನೂ ಅಲ್ಲ, ಇನ್ನೂ ಹುಟ್ಟುತ್ತಿದ್ದ. ಬಹಳ ಸುಖವಾಗಿತ್ತು. ಅಷ್ಟರಲ್ಲಿ ಹೊರಗಿನಿಂದ ಯಾರೋ ತಟ್ಟಿದರು. ‘ಅದೀಯೇನು?’ ಅವನ ಮೈಯೆಲ್ಲ ನೀರಿನ ಹಾಗೆ ಅಲುಗಿತು. ‘ಅದೀನಿ’ ಎನ್ನಬೇಕೆಂದರೆ ಬಾಯಿ ಇನ್ನೂ ಮೂಡಿರಲಿಲ್ಲ. ಮತ್ತೆ ತಟ್ಟಿದರು. ಕೇಳುವ ದನಿಯಲ್ಲಿ ಪ್ರೀತಿ ತುಂಬಿ ತುಳುಕುತ್ತಿತ್ತು. ಅದು ಅವನದೇ ದನಿ.

ಬೆವೆತು ಎದ್ದವನು ಹೋಗಿ ಮುಚ್ಚಳ ತೆರೆದ. ತೊಗಟೆಯ ಪಕ್ಕದಲ್ಲಿ, ಬಲೆಯ ಹಾಸಿನ ಮೇಲೆ ಜೇಡ ಅಂಗಾತ ಬಿದ್ದಿತ್ತು. ಎಂಟು ಕಾಲೂ ಮೇಲಕ್ಕೆ. ಕೊಂದುಬಿಟ್ಟೆ ಎಂದುಕೊಂಡ. ಮುದುಕಿಯ ಮಾತು ನೆನಪಾಯಿತು, ಆದರೂ ಜೀವ ತಡೆಯಲಿಲ್ಲ. ಕೈ ತಾನಾಗಿ ಪೆಟ್ಟಿಗೆಯ ಕಡೆಗೆ ಹೋಯಿತು. ಒಂದೇ ಒಂದು ಸಲ ತಟ್ಟಿದರೆ ಜೀವ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು. ಅವನು ಆ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಮೆಲ್ಲಗೆ ಮುಚ್ಚಳ ಮುಚ್ಚಿದ.

ಆ ದಿನ, ಮರುದಿನ ಅವನ ಮನೆಯಲ್ಲಿ ಸುತ್ತಿಗೆ ಏಳಲಿಲ್ಲ. ಬಸುರಿಯ ಮನೆಯವರು ತೊಟ್ಟಿಲು ಕೇಳಲು ಬಂದರೆ ಬಾಯಿಯ ಮೇಲೆ ಬೆರಳಿಟ್ಟು ಅಂಗಳದಿಂದಲೇ ಕಳಿಸಿದ. ಬಡಿಗನಿಗೆ ತಲೆ ಕೆಟ್ಟಿದೆ ಎಂದು ಅವರು ಬೀದಿಯುದ್ದಕ್ಕೂ ಹೇಳಿಕೊಂಡು ಹೋದರು. ಸುಮ್ಮನೆ ಕೂರುವುದು ಅವನಿಗೆ ಮರ ಹೊರುವುದಕ್ಕಿಂತ ಭಾರವಾಗಿತ್ತು.

ಮೂರನೆಯ ದಿನ ಮುಚ್ಚಳ ತೆರೆದಾಗ ಬಲೆಯ ಮೇಲೆ ಬರೀ ತೊಗಲು ಬಿದ್ದಿತ್ತು, ಕಳಚಿಟ್ಟ ಅಂಗಿಯಂತೆ. ಬಿಲದ ಬಾಯಲ್ಲಿ ಹೊಸದಾಗಿ ತೋಡಿದ ಮಣ್ಣು. ಚಿಪ್ಪಿನ ನೀರು ತಗ್ಗಿತ್ತು. ಜೇಡ ಮಾತ್ರ ಕಾಣಲಿಲ್ಲ. ಬಡಿಗ ಅತ್ತುಬಿಟ್ಟ. ಯಾವ ತೊಟ್ಟಿಲು ಮಾಡಿದಾಗಲೂ ಅವನಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಗುರುಗಳು ಕಣ್ಣು ತೆರೆದರು. ಬಾಳವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ನಮಸ್ಕಾರ ಮಾಡಿ, ಎರಡು ಹೆಜ್ಜೆ ಹೋಗಿ, ತಿರುಗಿ ನಿಂತಳು.

“ತಿಳೀತ್ರಿ ಅಜ್ಜಾರ. ಇನ್ನ ಅಕೀನ್ನ ಕಾಡೂದಿಲ್ಲ. ಆದರ ಒಂದ ಮಾತು ಹೇಳ್ರಿ, ಅಕಿ ಯಾವಾಗ ಹೊರಗ ಬರತಾಳ್ರಿ?”

“ನೋಡು, ಮತ್ತ ತಟ್ಟಿದಿ.”