ಉಪ್ಪಿನ ಕೆಳಗಿನ ಮಣ್ಣು

ಒಂದಾನೊಂದು ಊರು. ಊರ ಮುಂದೆ ಕಣ್ಣು ಹಾಯುವಷ್ಟು ದೂರ ಬತ್ತಿದ ಕೆರೆ. ಅದನ್ನು ಯಾವ ರಾಜನೂ ಕಟ್ಟಿಸಿದ್ದಲ್ಲವಂತೆ. ಹೆಸರಿಗೆ ಕೆರೆ, ಒಳಗೆ ಹನಿ ನೀರಿಲ್ಲ.

ಆ ಊರಲ್ಲಿ ಬಾವಿ ತೋಡುವ ಯಂಕಪ್ಪ, ಅವನ ಸೊಸೆ ಹುಲಿಗೆವ್ವ. ಹುಲಿಗೆವ್ವ ದಿನ ತುಂಬಿದ ಬಸುರಿ. ಇದ್ದೊಂದು ಬಾವಿಯೂ ಬತ್ತಿ, ಬೆಳಗಾದರೆ ಊರಿಗೆ ಊರೇ ಗುಳೆ ಹೊರಡೋದು ಅಂತಾಗಿತ್ತು. ದಾರಿಯಲ್ಲಿ ಬೇನೆ ಬಂದರೆ ನೀರಿಲ್ಲದೆ ಕೂಸು ಉಳಿಯೋದು ಹೇಗೆ ಅಂತ ಅವಳಿಗೆ ಎದೆ ಹೊಡಕೊಳ್ಳುತ್ತಿತ್ತು.

ಕೆರೆಯಂಗಳದಲ್ಲೇ ತೋಡಬಾರದಿತ್ತಾ ಅಂತೀರಿ. ತೋಡಿದ್ದರಪ್ಪ, ಬೇಕಾದಷ್ಟು ಸಲ! ಮಣ್ಣಿನ ಬಣ್ಣ ಬದಲಾದಾಗಲೆಲ್ಲ ಚಿಟಿಕೆ ಬಾಯಿಗೆ ಹಾಕಿ ರುಚಿ ನೋಡೋದು ಅವರ ಪದ್ಧತಿ. ಆಳುದ್ದ ಹೋದರೆ ಬೆಳ್ಳಗೆ ಉಪ್ಪಿನ ಪದರ. ಉಪ್ಪು ನಾಲಗೆಗೆ ಹತ್ತಿತೋ, ಕೈ ಮುಗಿದು ಮೇಲೆ ಬಂದುಬಿಡೋರು. ಭೂಮಿತಾಯಿಯ ಉಪ್ಪು ಉಂಡಂತಾಯಿತು, ಉಪ್ಪುಂಡ ಮನೆಗೆ ಕನ್ನ ಹಾಕಬಾರದಲ್ಲ! ಅಜ್ಜ ಅಲ್ಲಿಗೇ ನಿಲ್ಲಿಸಿದ, ಅಪ್ಪ ಅಲ್ಲಿಗೇ ನಿಲ್ಲಿಸಿದ, ಯಂಕಪ್ಪನೂ ಅಲ್ಲಿಗೇ ನಿಲ್ಲಿಸಿದ.

ಆ ಗುಂಡಿಯ ಅಂಚಿಗೆ ಕೂತು ಹುಲಿಗೆವ್ವ ಅಳುತ್ತಿರುವಾಗ, ನೆಲದ ಬಿರುಕಿನಿಂದ ಮುದಿ ಆಮೆಯೊಂದು ತಲೆ ಹೊರಗೆ ಹಾಕಿತಂತೆ.

"ಯಾಕ ಅಳಾಕತ್ತೀಯವ್ವ?"

"ನೀರಿಲ್ಲಜ್ಜಾ. ಬರೀ ಉಪ್ಪು."

"ಉಪ್ಪು ಕಡೀಗೆ ಬಂದದ್ದು ತಂಗಿ," ಅಂತು ಆಮೆ. "ಹಿಂದಕ ಇಲ್ಲಿ ಗುಡ್ಡ ಇತ್ತು. ಭೂಮಿತಾಯಿ ಮಗ್ಗಲಾದ್ಲು, ಗುಡ್ಡದ ನಡು ಕುಸಿದು ತಗ್ಗಾತು. ಹೊಳಿ ಬಂದು ತುಂಬಿತು. ಮರಳು ತಂತು, ಚಿಪ್ಪು ತಂತು, ಸಿಹಿನೀರು ತಂತು. ತಾಯಿ ಮತ್ತ ಮಗ್ಗಲಾದ್ಲು, ಹೊಳಿ ದಿಕ್ಕು ಬಿಟ್ಟು ಹೋತು. ನಿಂತ ನೀರನ್ನ ಬಿಸಿಲು ಕುಡೀತು, ಉಪ್ಪು ಬಿಡ್ತು. ಗಾಳಿ ಮಣ್ಣು ಹೊದಿಸಿತು. ಹಳೇ ಹೊಳಿ ಕೆಳಗ ಮಲಗೇ ಐತಿ."

ಹುಲಿಗೆವ್ವ ಬಂದು ಹೇಳಿದರೆ ಯಂಕಪ್ಪ ಒಪ್ಪಲಿಲ್ಲ. "ಆಮಿ ಮಾತು ಕೇಳಿ ಉಪ್ಪಿನ ಋಣ ಮರೀಲೇನವ್ವ?" ಅವನು ಕೆಟ್ಟವನಲ್ಲ, ಹಿರಿಯರ ಮಾತಿಗೆ ಅಂಜಿದವನು.

ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಮಾವಾ, ನನಗ ಬಯಕಿ ಆಗೈತಿ. ಉಪ್ಪಿನ ಕೆಳಗಿನ ಮಣ್ಣು ತಿನ್ನಬೇಕು," ಅಂದಳು.

ಬಸುರಿಗೆ ಮಣ್ಣಿನ ಬಯಕೆ ಹೊಸದೇನಲ್ಲ. ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತೆ, ಅದೂ ಹಿರಿಯರ ಮಾತೇ. ಯಂಕಪ್ಪ ಪೇಚಿಗೆ ಬಿದ್ದ. ಕೊನೆಗೆ ಗುಂಡಿಗಿಳಿದು, ಉಪ್ಪಿಗೆ ಅಡ್ಡಬಿದ್ದು, "ನನ್ನ ಆಸೆಗಲ್ಲ ತಾಯಿ, ಕೂಸಿನ ಬಯಕಿಗೆ," ಅಂತ ಹಾರೆ ಹಾಕಿದ.

ಉಪ್ಪಿನ ಕೆಳಗೆ ಜಿಗುಟು ಮಣ್ಣು. ಅದರ ಕೆಳಗೆ ಚಿಪ್ಪು ಬೆರೆತ ಮರಳು. ಪದ್ಧತಿಯಂತೆ ಚಿಟಿಕೆ ಮರಳು ಬಾಯಿಗೆ ಹಾಕಿದವನು ಅಲ್ಲೇ ಕೂತುಬಿಟ್ಟ. ಕಾಲಡಿ ನೀರು ಒಸರುತ್ತಿತ್ತು.

"ಸಿಹಿ ಐತಿ ಹುಲಿಗೀ," ಅಂದ. "ನಮ್ಮವ್ವ ಇದರ ಮ್ಯಾಲೇ ಕುಂತು, ನೀರು ನೀರು ಅಂತ ಜೀವ ಬಿಟ್ಲಲ್ಲವ್ವ."

ಊರು ಗುಳೆ ಹೋಗಲಿಲ್ಲ. ಹುಲಿಗೆವ್ವ ಹೆಣ್ಣು ಹೆತ್ತಳು, ಯಂಕಪ್ಪ ತನ್ನ ಅವ್ವನ ಹೆಸರಿಟ್ಟ. ಅವರು ಅಲ್ಲಿ ತಣ್ಣಗಿದ್ದಾರಂತೆ, ನಾವು ಇಲ್ಲಿ ಬೆಚ್ಚಗೆ ಕೂತಿದ್ದೀವಿ.