ಬೆಕ್ಕು ಮಲಗಿದ ಜಾಗ

ಗುರುಗಳ ಹೆಸರು ಕೆಂಡಗಣ್ಣಯ್ಯ. ಹೆಸರಲ್ಲಷ್ಟೇ ಕೆಂಡ, ಮಾತೆಲ್ಲ ಬೆಣ್ಣೆ. ಜನ ಬುದ್ದಿಯೋರು ಅಂತ ಕರೀತಿದ್ರು.

ಶಿಷ್ಯನ ಹೆಸರು ದುಂಡಯ್ಯ. ಅವ್ನೇನೂ ದುಂಡಗಿರ್ಲಿಲ್ಲ ಬಿಡಿ, ಸೀಳಿದ ಸೌದೆ ಇದ್ದಂಗಿದ್ದ.

ಬುದ್ದಿಯೋರು ಆಯಸ್ಸೆಲ್ಲ ಕಾಲ್ನಡಿಗೇಲಿ ಊರೂರು ಸುತ್ತಿದೋರು. ಮಂಡಿ ಸವೆದ ಮೇಲೂ ಒಂದ್ಕಡೆ ಕೂರಕ್ಕೆ ಒಪ್ಪಲಿಲ್ಲ. ಅದ್ಕೆ ಪಟ್ಟಣದ ಸಾವ್ಕಾರ್ ಶಾಂತಮಲ್ಲಪ್ಪನೋರು ಒಂದು ಹಳೇ ವ್ಯಾನು ಕೊಟ್ರು. ಒಳಗೆ ಮಂಚ, ಒಲೆ. ಮೇಲೆ ಸೋಲಾರ್ ಹಲಗೆ. ಮಂಚದ ಕೆಳಗೆ ಬ್ಯಾಟ್ರಿ.

ಚಕ್ರ ಇರೋ ಮಠ ಅಂತ ಜನ ನಗಾಡಿದ್ರು. ನಗ್ಲಿ ಬಿಡಿ. ಮಳೆ ಬಂದ್ರೆ ನಗೋರ ಮನೆ ಸೋರ್ತಿತ್ತು, ವ್ಯಾನು ಸೋರ್ತಿರ್ಲಿಲ್ಲ.

ವ್ಯಾನು ಓಡ್ಸೋನು ದುಂಡಯ್ಯ. ಬೇಯ್ಸಾಕೋನು ದುಂಡಯ್ಯ. ಕರೆಂಟಿನ ಉಸ್ತುವಾರಿನೂ ದುಂಡಯ್ಯಂದೇ.

ಬುದ್ದಿಯೋರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಬೇಕು. ಆ ಔಷ್ದಿ ತಣ್ಣಗಿರ್ಲಿ ಅಂತ ವ್ಯಾನಲ್ಲಿ ಒಂದು ಪುಟ್ಟ ಫ್ರಿಜ್ಜು. ಫ್ರಿಜ್ಜು, ದೀಪ ಎರಡೂ ನೇರವಾಗಿ ಬ್ಯಾಟ್ರೀಲೇ ನಡೀತಿದ್ವು.

ಬುದ್ದಿಯೋರಿಗೆ ಅಷ್ಟು ಸಾಕಾಗಿತ್ತು. ದುಂಡಯ್ಯಂಗೆ ಸಾಕಾಗ್ಲಿಲ್ಲ.

"ಮನೇಲಿರೋದೆಲ್ಲ ನಮ್ ಬುದ್ದಿಗೂ ಇರ್ಬೇಕು" ಅಂತ ಒಂದು ದೊಡ್ಡ ಇನ್ವರ್ಟರ್ ತಂದು ಕೂರಿಸ್ದ. ಬ್ಯಾಟ್ರಿ ಕರೆಂಟನ್ನ ಮನೆ ಕರೆಂಟ್ ಮಾಡೋ ಪೆಟ್ಟಿಗೆ ಅದು. ಅದ್ರ ಹಿಂದೇನೇ ಮಿಕ್ಸಿ ಬಂತು, ಫ್ಯಾನು ಬಂತು, ಇಸ್ತ್ರಿ ಪೆಟ್ಟಿಗೆ ಬಂತು.

ಬುದ್ದಿಯೋರು ಎಲ್ಲಾನೂ ನೋಡಿದ್ರು.

"ಕಾವಿ ಬಟ್ಟೆಗೆ ಇಸ್ತ್ರಿ ಯಾತಕ್ಕೋ?"

"ಇರ್ಲಿ ಬುದ್ದಿ. ಯಾವಾಗ ಏನ್ ಬೇಕಾಯ್ತದೋ."

"ಪಾತ್ರೆ ಪಡಗ ಎಲ್ಲ ಬಂತು. ಇನ್ನು ಹೆಣ್ಣು ಯಾವ ಊರಿಂದು?"

ದುಂಡಯ್ಯ ನಾಚ್ಕೊಂಡು ಹೊಳೆ ಕಡೆ ಹೋದ.

ಆ ಮಳೆಗಾಲ ಅವರು ಬೀಡು ಬಿಟ್ಟಿದ್ದು ಹೊಳೆ ದಂಡೇಲಿ. ಕಂಬ ಇಲ್ಲ, ತಂತಿ ಇಲ್ಲ. ಹಗಲಲ್ಲಿ ಮೋಡ ಮುಚ್ಚಿದ ಸೆಕೆ, ಬೆಳಗಿನ ಜಾವ ಚುಮುಚುಮು ಚಳಿ. ಎಲ್ಲಿಂದಲೋ ಒಂದು ಕೆಂದು ಬೆಕ್ಕು ಬಂದು ಸೇರ್ಕೊಂಡ್ತು. ಅದ್ರ ಒಂದು ಕಿವಿ ಹರಿದಿತ್ತು, ಜಂಬ ಮಾತ್ರ ಪಾಳೇಗಾರಂದು.

ಒಂದಿನ ದುಂಡಯ್ಯ ಸಂತೆಯಿಂದ ಬಂದು ಫ್ರಿಜ್ಜಿಗೆ ಕೈ ಹಾಕ್ದ. ಒಳಗೆ ಬೆಚ್ಚಗಿತ್ತು. ಗೋಡೆ ಮೇಲೆ ಬ್ಯಾಟ್ರಿ ದೀಪ ಕೆಂಪಗೆ ಉರೀತಿತ್ತು. ಕೆಂಪು ಅಂದ್ರೆ ಖಾಲಿ.

ಡಾಕ್ಟ್ರಿಗೆ ಫೋನ್ ಮಾಡಿದ್ರೆ, ಆ ಔಷ್ದಿ ಬಿಸಾಕಿ ಅಂದ್ರು.

ಸಾವ್ಕಾರ್ ಶಾಂತಮಲ್ಲಪ್ಪನೋರು ಹೊಸ ಔಷ್ದಿ ತಗೊಂಡು ಕಾರಲ್ಲಿ ಓಡಿ ಬಂದ್ರು. ಇಳೀತಾನೇ ಶುರು ಹಚ್ಕೊಂಡ್ರು.

"ಏನಯ್ಯ ದುಂಡ, ಬುದ್ದಿಯೋರ ಜೀವ ಅಂದ್ರೆ ಚಿನ್ನಿದಾಂಡಾನಾ ನಿಂಗೆ?"

"ತಪ್ಪಾಯ್ತು ಯಜಮಾನ್ರೆ."

"ಸೋಮವಾರ ಮತ್ತೆ ಬತ್ತೀನಿ. ನಾನೇ ಕೈಯಿಟ್ಟು ನೋಡ್ತೀನಿ. ಅವತ್ತು ಆ ಫ್ರಿಜ್ಜು ಬೆಚ್ಚಗಿತ್ತೋ, ಬುದ್ದಿಯೋರು ನಮ್ಮನೇಗೆ, ನೀನು ನಿಮ್ಮೂರಿಗೆ."

ದುಂಡಯ್ಯನ ಊರಲ್ಲಿ ಯಾರಿದ್ರು? ಇದ್ದೊಬ್ಬ ಅವ್ವ ತೀರ್ಕೊಂಡಿದ್ಳು. ಅವ್ಳು ನೀರು ನೀರು ಅಂದಾಗ ಇವ್ನು ಪಕ್ಕದಲ್ಲೇ ಮಲಗಿದ್ನಂತೆ, ನಿದ್ದೇಲಿ ಕೇಳಿಸ್ಲಿಲ್ವಂತೆ. ಅವತ್ತಿಂದ ಅವ್ನು ನೆಟ್ಟಗೆ ನಿದ್ದೆ ಮಾಡಿದೋನೇ ಅಲ್ಲ. ವ್ಯಾನಿನ ಬಾಗಿಲಲ್ಲಿ ಕೂತೇ ರಾತ್ರಿ ಕಳೀತಿದ್ದ. ಬುದ್ದಿಯೋರು ಮಗ್ಗುಲು ಬದಲಾಯ್ಸಿದ್ರೂ ಸಾಕು, ಎದ್ದು ನಿಲ್ತಿದ್ದ.

ಕಾರು ಹೋದ ಮೇಲೆ ದುಂಡಯ್ಯ ಬುದ್ದಿಯೋರ ಮುಂದೆ ಬಂದು ನಿಂತ.

"ತಾವಾದ್ರೂ ಒಂದ್ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಅವ್ರ ಮನೇಲಿ ಹೋಳಿಗೆ ಚೆನ್ನಾಗಿ ಮಾಡ್ತಾರೆ."

"ತಮಗೆ ಸಕ್ಕರೆ ಕಾಯಿಲೆ ಬುದ್ದಿ!"

"ಅದೊಂದೇ ನೋಡು ಯೋಚ್ನೆ" ಅಂದು ಬುದ್ದಿಯೋರು ಬೆಕ್ಕಿನ ಕಿವಿ ಕೆರೆದ್ರು.

ದುಂಡಯ್ಯಂಗೆ ಅಳು ಬಂತು. ತಡ್ಕೊಂಡ.

ಕರೆಂಟ್ ಕದಿಯೋ ಕಳ್ಳ ಎಲ್ಲೋ ಅವ್ನೆ, ಹಿಡೀಲೇಬೇಕು. ಫ್ಯಾನಿನ ಪ್ಲಗ್ ಕಿತ್ತ. ಇಸ್ತ್ರಿ ಪೆಟ್ಟಿಗೇದು ಕಿತ್ತ. ಮಿಕ್ಸಿಗೆ ಕೈ ಹಾಕ್ದಾಗ ಅವ್ನಿಗೆ ಮುದ್ದಮ್ಮ ನೆನಪಾದ್ಳು.

ಮುದ್ದಮ್ಮ ಅಂದ್ರೆ ಸೇತುವೆ ಹತ್ರ ಇಡ್ಲಿ ಅಂಗಡಿ ಇಟ್ಕೊಂಡಿದ್ದೋಳು. ಊರಲ್ಲಿ ಕರೆಂಟ್ ಹೋದಾಗೆಲ್ಲ ಕಾಯಿ ಮೆಣಸಿನಕಾಯಿ ತಗೊಂಡು ಇಲ್ಲಿಗೇ ಬರೋಳು. ಗುರ್ರ್ ಅನ್ಸಿ ಚಟ್ನಿ ರುಬ್ಕೊಂಡು, ಬುದ್ದಿಯೋರಿಗೆ ಒಂದ್ಸೌಟು ಬಿಟ್ಟು ಹೋಗೋಳು.

ಮಾರನೇ ದಿನ ಅವ್ಳು ಬಂದಾಗ ದುಂಡಯ್ಯ ಬಾಗಿಲಿಗೆ ಅಡ್ಡ ನಿಂತ.

"ಅಕ್ಕಾ, ಇನ್ಮೇಲೆ ಇಲ್ಲಿ ರುಬ್ಬೋ ಹಂಗಿಲ್ಲ. ನಿನ್ ಚಟ್ನಿಗೆ ನಮ್ ಬುದ್ದಿ ಔಷ್ದಿ ಕೆಟ್ಟೋಯ್ತು."

"ಅಯ್ಯೋ ನಿನ್ ಮನೆ ಕಾಯೋಗ! ಕಣ್ಣು ಮಿಟುಕಿಸೋದ್ರೊಳ್ಗೆ ರುಬ್ಕೊಂಡ್ ಹೋಗೋಳು ನಾನು. ಅಷ್ಟಕ್ಕೆ ಬ್ಯಾಟ್ರಿ ಬತ್ತೋಯ್ತಾ? ಏನು, ಹೊಳೆ ನೀರ್ನ ಇರುವೆ ಕುಡ್ದು ಖಾಲಿ ಮಾಡ್ತಾ?"

"ಇನ್ಯಾರು ಕದ್ರು ಮತ್ತೆ?"

"ನಿನ್ ಮೂತಿ ನೋಡಿ ಅದೇ ಓಡೋಯ್ತೇನೋ" ಅಂದು ಮುದ್ದಮ್ಮ ಪಾತ್ರೆ ಎತ್ಕೊಂಡು ಹೋದ್ಳು.

ಅವತ್ತು ಬುದ್ದಿಯೋರು ಬರೀ ಇಡ್ಲಿ ತಿಂದ್ರು. ಒಂದು ತುತ್ತು ಬಾಯಿಗಿಟ್ಕೊಂಡು ದುಂಡಯ್ಯನ ಮುಖ ನೋಡೋರು, ಇನ್ನೊಂದು ತುತ್ತು ಇಟ್ಕೊಂಡು ಮತ್ತೆ ನೋಡೋರು.

"ಕಳ್ಳ ಸಿಕ್ಕಿದ್ನಾ?"

"ಹ್ಞೂಂ ಬುದ್ದಿ. ಮುದ್ದಮ್ಮಕ್ಕನ ಮಿಕ್ಸಿನೇ."

"ಚಟ್ನಿನಂತೂ ಹಿಡ್ದೆ" ಅಂದ್ರು ಬುದ್ದಿಯೋರು.

ಮುದ್ದಮ್ಮ ಬರ್ಲಿಲ್ಲ. ಪ್ಲಗ್ ಒಂದೂ ಹಾಕಿರ್ಲಿಲ್ಲ. ಆದ್ರೂ ಭಾನುವಾರ ಬೆಳಿಗ್ಗೆ ನೋಡಿದ್ರೆ, ನಡುವೆ ಬಿಸಿಲಿಗೆ ಹಸಿರಾಗಿದ್ದ ದೀಪ ಹಳದಿಯಾಗಿ, ಹಳದಿ ಕೆಂಪಿಗೆ ತಿರುಗ್ತಾ ಇತ್ತು. ಮೇಲೆ ಮೋಡ. ಫ್ರಿಜ್ಜು ಇನ್ನೂ ತಣ್ಣಗಿತ್ತು, ಸಂಜೆವರ್ಗೂ ಇದ್ರೆ ಹೆಚ್ಚು. ನಾಳೆಗೇ ಸೋಮವಾರ.

ದುಂಡಯ್ಯ ಬುದ್ದಿಯೋರ ಕಾಲ್ ಹತ್ರ ಕುಸಿದು ಕೂತ.

"ನಂಗೆ ತಿಳೀತಿಲ್ಲ ಬುದ್ದಿ. ಯಾರೂ ಏನೂ ಬಳಸಿಲ್ಲ. ಬಳಸ್ದೇನೇ ಖಾಲಿ ಆಯ್ತದೆ. ಕಳ್ಳ ಯಾರು?"

"ಬೆಕ್ಕನ್ನ ಕೇಳು."

ದುಂಡಯ್ಯ ಕಣ್ಣು ಮುಚ್ದ. ಗುರುಗಳ ಮಾತು, ಅದ್ರೊಳಗೆ ಏನೋ ಇರ್ತದೆ. ಸುಮಾರು ಹೊತ್ತು ಯೋಚ್ನೆ ಮಾಡ್ದ.

"ಬೆಕ್ಕು ಅಂದ್ರೆ ಮನಸ್ಸು ಅಂತಲಾ ಬುದ್ದಿ?"

"ಬೆಕ್ಕು ಅಂದ್ರೆ ಬೆಕ್ಕು ಕಣ್ಲಾ."

ದುಂಡಯ್ಯ ಕಣ್ಣು ಬಿಟ್ಟು ಬೆಕ್ಕು ಹುಡುಕ್ದ. ಅದು ಎಂದಿನಂಗೆ ಇನ್ವರ್ಟರ್ ಪೆಟ್ಟಿಗೆ ಮೇಲೆ ಸುರುಳಿ ಸುತ್ಕೊಂಡು ಗೊರಕೆ ಹೊಡೀತಿತ್ತು. ಎತ್ತಿ ಹಾಸಿಗೆ ಮೇಲೆ ಹಾಕ್ದ. ಮೈ ಮುರ್ದು, ಒಂದ್ಸಲ ಬೈದು, ವಾಪಸ್ ಪೆಟ್ಟಿಗೆ ಮೇಲೇ ಹೋಗಿ ಮಲಗ್ತು. ಈ ಸಲ ಎತ್ತಿ ಕಂಬಳಿ ಮೇಲೆ ಹಾಕ್ದ. ಮತ್ತೆ ಪೆಟ್ಟಿಗೆ ಮೇಲೇ.

"ಮೆತ್ತಗೆ ಕಂಬಳಿ ಇರೋವಾಗ ತಗಡೇ ಬೇಕಾ ಇದ್ಕೆ?" ಅಂತ ಗೊಣಗ್ದ.

"ಹಂಗೇ ಕೇಳು, ಹಂಗೇ ಕೇಳು" ಅಂದ್ರು ಬುದ್ದಿಯೋರು.

ದುಂಡಯ್ಯ ಬೆಕ್ಕಿನ ಹೊಟ್ಟೆ ಕೆಳಗೆ ಕೈ ತೂರಿಸ್ದ. ತಗಡು ಬೆಚ್ಚಗಿತ್ತು. ಬೆಕ್ಕಿನ ಬಿಸಿ ಇರ್ಬೇಕು ಅಂತ ಪೆಟ್ಟಿಗೆಯ ಇನ್ನೊಂದು ಕೊನೆ ಮುಟ್ದ. ಅಲ್ಲೂ ಬೆಚ್ಚಗೆ. ಕಿವಿ ಇಟ್ಟ. ಒಳಗೆ ಸಣ್ಣಗೆ ಗುಂಯ್ ಅಂತಿತ್ತು.

"ಬುದ್ದಿ! ಇದೇ ಕಳ್ಳ! ಏನೂ ಹಾಕ್ದೆ ಇದ್ರೂ ಇದು ಎದ್ದು ಕೂತದೆ. ಸುಮ್ನೆ ಎದ್ದಿರಕ್ಕೇ ಬ್ಯಾಟ್ರಿ ತಿಂತದೆ!"

"ಅದ್ಕೆ ಸ್ವಿಚ್ಚು ಇಲ್ವಾ?"

"ಅದೆ ಬುದ್ದಿ."

"ಮತ್ತೆ ಆರ್ಸಿಲ್ಲ ಯಾಕೆ?"

ದುಂಡಯ್ಯ ತಲೆ ಬಗ್ಗಿಸ್ದ.

"ತಾವು ಯಾವಾಗ ಏನು ಕೇಳ್ತೀರೋ ಅಂತ. ಕೇಳಿದ ಗಳಿಗೇಲೇ ಸಿಗ್ಲಿ ಅಂತ."

"ನಾನು ಏನಾದ್ರೂ ಕೇಳಿದ್ನಾ?"

"ಇಲ್ಲ."

"ಪಾಪ" ಅಂದ್ರು ಬುದ್ದಿಯೋರು. ಪೆಟ್ಟಿಗೆ ಮೇಲೆ ಕೈ ಆಡಿಸಿದ್ರು. "ಯಾರೂ ಕರೀಲಿಲ್ಲ, ಆದ್ರೂ ಹಗಲೂ ರಾತ್ರಿ ಕಾಯ್ತಾ ಕೂತದೆ."

ದುಂಡಯ್ಯ ಸ್ವಿಚ್ ಆರಿಸ್ದ. ಗುಂಯ್ ಅನ್ನೋದು ನಿಂತಾಗ ಹೊಳೆ ಸದ್ದು ಕೇಳಿಸ್ತು. ಇಷ್ಟು ದಿನ ಅದು ಕಿವಿಗೇ ಬಿದ್ದಿರ್ಲಿಲ್ಲ ಅಂತ ಅವ್ನಿಗೆ ಆಗ ಗೊತ್ತಾಯ್ತು.

ಮೋಡ ಮಧ್ಯಾಹ್ನಕ್ಕೆ ಒಡೀತು. ಸಂಜೆಗೆ ದೀಪ ಹಸಿರಾಯ್ತು. ದುಂಡಯ್ಯ ಸೇತುವೆ ಹತ್ರ ಹೋಗಿ ಇಡ್ಲಿ ಅಂಗಡಿ ಮುಂದೆ ಕೈ ಕಟ್ಕೊಂಡು ನಿಂತ.

"ತಪ್ಪಾಯ್ತು ಅಕ್ಕ. ಕಳ್ಳ ನೀನಲ್ಲ."

"ಪರ್ವಾಗಿಲ್ವೇ, ಕೋರ್ಟು ಬೇಗ ಬಿಡ್ತು" ಅಂದ್ಳು ಮುದ್ದಮ್ಮ. "ಇನ್ಯಾರಂತೆ?"

"ನಮ್ ಪೆಟ್ಟಿಗೇನೇ."

"ಮನೆ ಕಳ್ಳನ್ನ ಮಡಿಕ್ಕಂಡು ಬೀದಿ ಬಾಗ್ಲಿಗೆ ಬೀಗ ಹಾಕ್ದೆ ಅನ್ನು. ಆಗ್ಲಿ, ಬತ್ತೀನಿ. ಬುದ್ದಿಯೋರು ಚಟ್ನಿ ಇಲ್ದೆ ಸೊರಗಿರ್ತಾರೆ."

ಸೋಮವಾರ ಮುಂಜಾನೆ ಮುದ್ದಮ್ಮ ಬಂದ್ಳು. ದುಂಡಯ್ಯ ಸ್ವಿಚ್ ಹಾಕ್ದ. ಗುರ್ರ್ ಅಂತು, ಚಟ್ನಿ ಆಯ್ತು.

"ಆರ್ಸಪ್ಪ, ಆರ್ಸು. ಆಮೇಲೆ ನನ್ ಮೇಲೆ ಹೇಳ್ಬೇಡ" ಅಂದ್ಳು.

ಆರಿಸ್ದ.

ಆಮೇಲೆ ಸಾವ್ಕಾರ್ ಶಾಂತಮಲ್ಲಪ್ಪನೋರು ಬಂದ್ರು. ಮಾತಿಲ್ಲ ಕತೆಯಿಲ್ಲ, ಸೀದಾ ಹೋಗಿ ಫ್ರಿಜ್ಜಿಗೆ ಕೈ ಹಾಕಿದ್ರು. ಕೈ ಅಲ್ಲೇ ಇಟ್ಕೊಂಡಿದ್ರು, ಬೆಚ್ಚಗಾಗ್ಲಿ ಅಂತ ಕಾಯ್ತಿದ್ರೋ ಏನೋ.

"ಹ್ಞೂಂ. ತಣ್ಣಗದೆ."

"ಅದೆ ಯಜಮಾನ್ರೆ."

"ಸರಿ, ಇರು ಹಂಗಾದ್ರೆ. ಆದ್ರೆ ಕನ್ನಡೀಲಿ ಒಂದ್ಸಲ ಮುಖ ನೋಡ್ಕೊ. ಕಾಯಿಲೆ ಅವ್ರಿಗೋ ನಿಂಗೋ?"

ಚಟ್ನಿ ನೆಕ್ಕೊಂಡು ಇಡ್ಲಿ ತಿಂದು ಸಾವ್ಕಾರ್ರು ಹೊರಟ್ರು. ಕಾರಿನ ಸದ್ದು ಅಡಗಿದ ಮೇಲೆ ದುಂಡಯ್ಯ ಉಸಿರು ಬಿಟ್ಟ. ಎಲ್ಲಿಗೂ ಹೋಗ್ಬೇಕಾಗಿಲ್ಲ. ಅಷ್ಟು ಸಾಕು ಅವ್ನಿಗೆ.

ಊಟ ಆಯ್ತು. ಬುದ್ದಿಯೋರು ಮರದ ಕೆಳಗೆ ಚಾಪೆ ಮೇಲೆ ಒರಗಿದ್ರು. ದುಂಡಯ್ಯ ಎಂದಿನಂಗೆ ವ್ಯಾನಿನ ಬಾಗಿಲಲ್ಲಿ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ. ರೆಪ್ಪೆ ಎಳೀತಿದ್ವು. ಬಿಡ್ಲಿಲ್ಲ.

ಬುದ್ದಿಯೋರು ಕೆಮ್ಮಿದ್ರು.

"ಬುದ್ದಿ, ನೀರಾ?"

"ಬೇಡ."

ಬುದ್ದಿಯೋರು ಕಾಲು ಆಡಿಸಿದ್ರು.

"ಬುದ್ದಿ, ಮಂಡಿ ಒತ್ಲಾ?"

"ಕೇಳಿದ್ನಾ?"

"ಇಲ್ಲ ಬುದ್ದಿ."

ಬುದ್ದಿಯೋರು ಅವ್ನ ಕಡೆ ಹೊರಳಿದ್ರು.

"ದುಂಡ, ನೀನೂ ಒಂದ್ಗಳಿಗೆ ಮಲಗ್ಬಾರ್ದಾ?"

"ನಿದ್ದೆ ಹತ್ಬಿಟ್ರೆ? ತಾವು ಕರೆದಿದ್ದು ಕೇಳಿಸ್ದೆ ಹೋದ್ರೆ?"

"ಜೋರಾಗಿ ಕರೀತೀನಿ."

"ಅದ್ಕೂ ಏಳ್ದೆ ಹೋದ್ರೆ?"

"ಎಕ್ಕಡ ಎಸೀತೀನಿ. ಗುರಿ ಇನ್ನೂ ಚೆನ್ನಾಗದೆ ನಂಗೆ."

ದುಂಡಯ್ಯ ನಕ್ಕ. ನಗ್ತಿದ್ದಂಗೇ ಕಣ್ಣಲ್ಲಿ ನೀರು ಬಂತು. ಆದ್ರೂ ಅಲ್ಲಾಡ್ಲಿಲ್ಲ.

ಆಗ ಬೆಕ್ಕು ವ್ಯಾನೊಳಗಿಂದ ಬಂತು. ಇನ್ವರ್ಟರ್ ಪೆಟ್ಟಿಗೆ ತಣ್ಣಗಾಗಿ ಅದ್ಕೆ ನಿನ್ನೆಯಿಂದ ನೆಲೆ ಇರ್ಲಿಲ್ಲ. ಕಂಬಳಿ ಮೂಸ್ತು, ಬಿಡ್ತು. ಚಾಪೆ ಮೂಸ್ತು, ಬುದ್ದಿಯೋರ ಕಾಲು ಮೂಸ್ತು, ಅದೂ ಬಿಡ್ತು. ಕೊನೆಗೆ ಮೆಟ್ಲು ಹತ್ತಿ ದುಂಡಯ್ಯನ ತೊಡೆ ಮೇಲೆ ಸುರುಳಿ ಸುತ್ಕೊಂಡು ಗೊರಕೆ ಶುರು ಮಾಡ್ತು.

ಬುದ್ದಿಯೋರು ಮೆಲ್ಲಗೆ ಎದ್ರು. ಮಂಡಿ ಹಿಡ್ಕೊಂಡು ಕುಂಟ್ತಾ ಬಂದ್ರು. ತಮ್ಮ ದಿಂಬನ್ನ ಬಾಗಿಲಲ್ಲಿ ಇಟ್ರು. ಬೆಕ್ಕಿನ ಕಡೆ ಒಂದ್ಸಲ ನೋಡಿ, ದುಂಡಯ್ಯನ ತಲೆ ಮೇಲೆ ಕೈ ಇಟ್ರು.

"ಇನ್ನು ನಿನ್ ಸ್ವಿಚ್ಚು ಎಲ್ಲದೆ ಹೇಳು ಮಗಾ, ನಾನೇ ಆರಿಸ್ತೀನಿ."