ಕೆಂಚನ ಬಾಲ

ಕೆಂಚನೆಂಬ ಗಂಡುಬೆಕ್ಕಿಗೆ ತನ್ನ ಬಾಲವೆಂದರೆ ಪ್ರಾಣ. ದಿನಕ್ಕೆ ನಾಲ್ಕು ಸಲ ನೆಕ್ಕಿ ನೆಕ್ಕಿ ಸಾಕಿದ ಬಾಲ ಅದು. ಹಾಗಾಗಿ ಪಶು ಆಸ್ಪತ್ರೆಯ ಮೇಜಿನ ಮೇಲೆ ಲಸಿಕೆಯ ಸೂಜಿ ಬಾಲದತ್ತ ಬಂದಾಗ, ಅವನು ಅದನ್ನು ಥಟ್ಟನೆ ಹೊಟ್ಟೆಯಡಿಗೆ ಸೇರಿಸಿಕೊಂಡ.

"ಸೂಜಿಯವರೇ, ದಾರಿ ತಪ್ಪಿದಿರಿ. ಹೋದ ವರ್ಷ ಚುಚ್ಚಿದ್ದು ಹೆಗಲುಗಳ ನಡುವೆ. ಈ ಸಲವೂ ಅಲ್ಲೇ ಆಗಲಿ. ಆ ಜಾಗ ನನ್ನ ಕಣ್ಣಿಗೆ ಬೀಳುವುದಿಲ್ಲ, ಹಾಳಾದರೂ ಬೇಸರವಿಲ್ಲ."

"ಎಲ್ಲೋ ಸಾವಿರಾರು ಬೆಕ್ಕುಗಳಲ್ಲಿ ಒಂದಕ್ಕೆ ಚುಚ್ಚಿದಲ್ಲೇ ಕೆಟ್ಟ ಗಡ್ಡೆ ಬೆಳೆಯುವುದುಂಟು," ಎಂದಿತು ಸೂಜಿ. "ಬಾಲದಲ್ಲಿ ಬೆಳೆದರೆ ಬಾಲ ತೆಗೆದು ಬೆಕ್ಕನ್ನು ಉಳಿಸಬಹುದು. ಹೆಗಲುಗಳ ನಡುವೆ ಬೆಳೆದರೆ ಏನನ್ನು ತೆಗೆಯೋಣ, ನೀವೇ ಹೇಳಿ."

"ಹಾಗಾದರೆ ಲಸಿಕೆಯೇ ಬೇಡ."

"ಲಸಿಕೆಯಿಲ್ಲದವರ ಮನೆಗೆ ನುಗ್ಗಲು ರೋಗ ಅಪ್ಪಣೆ ಕೇಳುವುದಿಲ್ಲ. ಗಡ್ಡೆ ಅಪರೂಪ, ರೋಗ ಅಪರೂಪವಲ್ಲ."

ಕೆಂಚ ಮೀಸೆ ಕುಣಿಸಿದ. "ಒಂದು ವೇಳೆ ಬಾಲ ಹೋದರೆ, ಓಣಿಯ ಬೆಕ್ಕುಗಳು ನನ್ನನ್ನು ಏನೆಂದು ಕರೆದಾವು?"

"ಮೋಟುಬಾಲದ ಕೆಂಚ ಎಂದು ಕರೆದಾವು. ಕೆಂಚನೇ ಹೋದರೆ ಬಾಲವನ್ನು ಯಾರೂ ಏನೆಂದೂ ಕರೆಯುವುದಿಲ್ಲ."

ಕೆಂಚ ಹೊಟ್ಟೆಯಡಿಯಿಂದ ಬಾಲವನ್ನು ಮೆಲ್ಲಗೆ ಹೊರಗೆಳೆದು ಸೂಜಿಯ ಮುಂದೆ ಚಾಚಿದ.

"ಚುಚ್ಚಿ. ಬೆನ್ನು ಕೊಟ್ಟು ಬಾಲ ಉಳಿಸಲು ಹೊರಟ ಪಂಡಿತ ನಾನು. ಅದನ್ನು ನೆಕ್ಕುವುದಕ್ಕಾದರೂ ನಾನಿರಬೇಕು ಎನ್ನುವುದು ಈ ತಲೆಗೆ ಹೊಳೆಯಲೇ ಇಲ್ಲ."